ಒಂದೇ ಕಡೆ ಎಲೆ ಬಿಡುವ ಗಿಡ

ನನ್ನ ಎಡಮಂಡಿ ಯಾವ ಕುಟುಂಬಕ್ಕೆ ಸೇರಿದ್ದು, ಹೇಳಿ ನೋಡೋಣ? ಅದರ ಕುಲಗೋತ್ರ ನಿಮಗೇನು ಗೊತ್ತು! ಈಗಷ್ಟೇ ನೋವಿನ ಮುಲಾಮಿನ ಡಬ್ಬಿ ತೆರೆದೆ. ಅದೇ ಕೈಯಲ್ಲಿ ಫೋನು ಒತ್ತುತ್ತಿದ್ದೇನೆ; ಗಾಜೆಲ್ಲ ಜಿಡ್ಡು, ‘ಮಂಡಿ’ ಅಂತ ಒತ್ತಿದರೆ ‘ಮಂಡಕ್ಕಿ’ ಬರುತ್ತದೆ. ಆದರೆ ಆ ವಾಸನೆ ಮೂಗಿಗೆ ಹತ್ತಿದ್ದೇ ತಡ, ನಾನು ಇಲ್ಲಿಲ್ಲ. ಆರ್.ಕೆ.ಪುರಂನ ಕ್ವಾರ್ಟರ್ಸಿನ ಎರಡನೇ ಮಹಡಿಯಲ್ಲಿ, ಕಿಟಕಿ ಪಕ್ಕದ ದಿವಾನಿನ ಮೇಲೆ ಮಲಗಿದ್ದೇನೆ, ಬೆನ್ನಿಗೆ ಚಳಿಗಾಲದ ಬಿಸಿಲು.

ಮೆಟ್ರೋ ಇನ್ನೂ ನಮ್ಮ ಕಡೆ ಬಂದಿರದ ಕಾಲ ಅದು. ಮಗ ಕೇಂದ್ರ ಸರ್ಕಾರದ ಕೆಲಸದಲ್ಲಿದ್ದ, ರಾಜಧಾನಿಯಲ್ಲಿ; ಅವನ ಮಗಳು ನಯನಾ ಬಾಟನಿ ಎಂ.ಎಸ್ಸಿ. ಓದುತ್ತಿದ್ದಳು. ಹಿಮಾಲಯದ ಪೂರ್ವದ ಗುಡ್ಡಗಳಿಗೆ ಹೋಗಿ ಒಂದು ಪೊದೆಯ ಕೊಂಬೆ ತಂದಳು. ಅದನ್ನು ಒಣಗಿಸಿ, ಹಾಳೆಗೆ ಅಂಟಿಸಿ, ಪಕ್ಕದಲ್ಲಿ ವರ್ಣನೆ ಬರೆದು ಮೇಡಂಗೆ ಒಪ್ಪಿಸಬೇಕಿತ್ತು. ಅದು ಸರಿಯಿಲ್ಲದಿದ್ದರೆ ಪಾಸಿಲ್ಲ. ಹಳೇ ಪೇಪರುಗಳ ನಡುವೆ ಇಟ್ಟು ನನ್ನ ಹಾಸಿಗೆಯಡಿ ತಳ್ಳಿದಳು.

“ಅಜ್ಜಿ, ನಿನ್ನ ವೇಟ್ ಇದಕ್ಕಾದ್ರೂ ಕಾಮ್‌ಗೆ ಬರ್ಲಿ. ಲೇಕಿನ್ ಛೂನಾ ಮತ್, ಮುಟ್ಟೋ ಹಾಗಿಲ್ಲ!”

ಗಿಡದ ನಿಜವಾದ ಹೆಸರು ಹಲ್ಲುಸೆಟ್ಟು ಹಾಕಿಕೊಂಡರೂ ನನ್ನ ಬಾಯಲ್ಲಿ ಹೊರಳಲಿಲ್ಲ. ಇಂಗ್ಲಿಷಿನಲ್ಲಿ ವಿಂಟರ್‌ಗ್ರೀನ್ ಅಂತೆ, ಹೀದ್ ಅನ್ನೋ ಗಿಡಗಳ ಕುಟುಂಬವಂತೆ. ನಾವು ಅಲ್ಲಿಯ ಮೇಳಗಳಲ್ಲಿ ಕುಡಿಯುತ್ತಿದ್ದ ಕೆಂಪು ಬುರಾಂಶ್ ಹೂವಿನ ಶರಬತ್ತಿನ ಮರವೂ ಅದೇ ಕುಟುಂಬವಂತೆ.

“ಅದು ಮರ, ಇದು ಪೊದೆ. ಎಲ್ಲಿಯ ನೆಂಟಸ್ತನವೇ?” ಎಂದೆ.

“ಹೈಟ್ ನೋಡ್ಬಾರ್ದು ಅಜ್ಜಿ, ಹೂವು ನೋಡ್ಬೇಕು.”

ಅವಳು ತನ್ನ ನೋಟ್‌ಬುಕ್ಕಿನ ಚಿತ್ರ ತೋರಿಸುತ್ತ ಇಂಗ್ಲಿಷಿನಲ್ಲಿ ಓದುವಳು, ನಾನು ಅದನ್ನು ಮನಸ್ಸಿನಲ್ಲೇ ನಮ್ಮ ಮಾತಿಗೆ ತಿರುಗಿಸಿಕೊಳ್ಳುವೆ. ಹೂವು ಅಕ್ಕಿಕಾಳಿನಷ್ಟೇ, ಬೋರಲು ಹಾಕಿದ ಬಿಳಿ ತಂಬಿಗೆ. ಎಲೆ ಒಂದು ಈ ಕಡೆ, ಒಂದು ಆ ಕಡೆ. ಅಂಚು ಸಣ್ಣ ಗರಗಸ, ಬೆನ್ನ ತುಂಬ ಚುಕ್ಕಿ. ಇನ್ನು ಆ ನೀಲಿ ಹಣ್ಣು ಹಣ್ಣೇ ಅಲ್ಲವಂತೆ! ಹೂವಿನ ಬುಡದ ಹಸಿರು ಬಟ್ಟಲೇ ಊದಿ, ರಸ ತುಂಬಿಕೊಂಡು, ನೀಲಿಯಾಗಿ, ಒಳಗಿನ ಒಣಕಾಯಿಯನ್ನು ಮುಚ್ಚಿಟ್ಟುಕೊಳ್ಳುತ್ತದಂತೆ. ಕೇಳಿ ಗಿಡದ ಮೇಲೆ ಗೌರವ ಬಂತು. ಎಷ್ಟು ಮುತ್ತೈದೆಯರನ್ನು ನೋಡಿಲ್ಲ ನಾನು, ಹೀಗೇ ಮೇಲೆ ನೀಲಿ ರೇಷ್ಮೆ ಉಟ್ಟವರನ್ನು!

ಮಧ್ಯಾಹ್ನ ಮಲಗಿದರೆ ಹಾಸಿಗೆಯೊಳಗಿಂದ ಆ ಎಲೆಯ ಪರಿಮಳ, ಥೇಟ್ ಈ ಮುಲಾಮಿನದೇ, ಮೆಲ್ಲಗೆ ಏಳುತ್ತಿತ್ತು. ಕೆಳಗೆ ತರಕಾರಿ ಭಯ್ಯಾನ ಕೂಗು ದೂರ ದೂರ ಸರಿದು, ಯಾವುದೋ ಮಂಜಿನ ಇಳಿಜಾರಿನಲ್ಲಿ ಬರಿಗಾಲಲ್ಲಿ ನಾನು ಇಳಿಯುತ್ತಿದ್ದೆ. ಆ ಅರೆನಿದ್ದೆಯಲ್ಲಿ ಕೈ ತಾನಾಗಿ ಹಾಸಿಗೆಯಡಿ ಹೋಗುತ್ತಿತ್ತು. ಒಂದೇ ಒಂದು ಎಲೆ. ಹಿಸುಕಿ ಮಂಡಿಗೆ ತಿಕ್ಕಿದರೆ, ಆಹಾ! ಮರುದಿನ ಇನ್ನೊಂದು.

ಒಂದು ವಾರ ಕಳೆದಿರಬೇಕು. ಬೆಳಿಗ್ಗೆ ನಯನಾ ಪೇಪರು ಬಿಚ್ಚಿ ಕಣ್ಣರಳಿಸಿದಳು.

“ಅಜ್ಜಿ, ಇಲ್ನೋಡು! ಎಲೆ ಎಲ್ಲಾ ಒಂದೇ ಸೈಡ್! ಇದು ಬಿಲ್ಕುಲ್ ಹೊಸ ವೆರೈಟಿ. ಇವತ್ತೇ ಮೇಡಂಗೆ ಹೇಳ್ತೀನಿ.”

ಕೈಗೆಟುಕುವ ಮಗ್ಗುಲಿನಿಂದಷ್ಟೇ ಕಿತ್ತಿದ್ದೆನಲ್ಲ! ಸುಮ್ಮನಿದ್ದರೆ ಹುಡುಗಿ ಇಡೀ ಡಿಪಾರ್ಟ್‌ಮೆಂಟಿನ ಮುಂದೆ ನಗೆಪಾಟಲು. ಹೇಳಿದರೆ ಕಳ್ಳಿ ನಾನು. ಅವಳು ಚಪ್ಪಲಿ ಮೆಟ್ಟುತ್ತಿದ್ದಂತೆ ಬಾಗಿಲಿಗೆ ಅಡ್ಡ ಬಂದೆ.

“ನಿಲ್ಲೇ. ಅದು ವೆರೈಟಿ ಅಲ್ಲ, ನಿಮ್ಮಜ್ಜಿ. ಮಂಡಿಗೆ ಅಂತ... ನಾನೇ ಕಿತ್ತೆ.”

ದುಪಟ್ಟಾದಿಂದ ಮುಖ ಮುಚ್ಚಿಕೊಂಡಳು. ಭುಜ ಗಡಗಡ ಅಲುಗಿತು. ಹಾಗೇ ಮೆಟ್ಟಿಲಿಳಿದು ಹೋದಳು. ಗೆಳತಿಯ ಹತ್ತಿರವಿದ್ದ ಕೊಂಬೆ ತೆಗೆದುಕೊಂಡು ವರ್ಣನೆ ಬರೆದಳು, ಪಾಸೂ ಆದಳು. ಆದರೂ ಹುಡುಗಿಯ ಆಸೆಯನ್ನು ಮಂಡಿಗೆ ತಿಕ್ಕಿಕೊಂಡೆನಲ್ಲ ಎಂಬುದು ಇಷ್ಟು ವರ್ಷ ನನ್ನೊಳಗೆ ಉಳಿದೇ ಇತ್ತು. ಆ ಮಾತು ನಾವಿಬ್ಬರೂ ಮತ್ತೆ ಎತ್ತಲಿಲ್ಲ.

ಈಗ ನಯನಾನೇ ಕಾಲೇಜಿನಲ್ಲಿ ಮೇಡಂ. ಇಲ್ಲಿಯವರೆಗಿನದನ್ನು ಅವಳಿಗೆ ಕಳಿಸಿ, ಕೊನೆಗೆ ‘ಅವತ್ತು ನಿನ್ನನ್ನು ಅಳಿಸಿದೆ, ತಪ್ಪಾಯ್ತು ಮಗಾ’ ಅಂತ ಒತ್ತಿದೆ. ಫೋನು ಕೂಡಲೇ ಬಡಿದುಕೊಂಡಿತು.

“ಯಾರು ಅತ್ತಿದ್ದು ಅಜ್ಜಿ? ನಗು ತಡೆಯೋಕಾಗ್ದೆ ಓಡಿಹೋದೆ! ಕಿತ್ತ ಎಲೆ ಕಾಂಡದ ಮೇಲೆ ಗುರುತು ಬಿಟ್ಟಿರುತ್ತೆ. ಪೇಪರ್ ಬದಲಾಯಿಸುವಾಗ ಮೊದಲನೇ ದಿನಾನೇ ನೋಡಿದ್ದೆ. ಆದ್ರೆ ಆ ವಾರ ನೀನು ರೇಲಿಂಗ್ ಹಿಡೀದೆ ಮೆಟ್ಟಿಲು ಇಳೀತಿದ್ದೆ, ಅದಕ್ಕೇ ಕೊಂಬೆ ಅಲ್ಲೇ ಬಿಟ್ಟೆ. ಹೊಸ ವೆರೈಟಿ ಅಂದಿದ್ದು ನಿನ್ನನ್ನ ಆಟ ಆಡ್ಸೋಕೆ. ಇನ್ನೆರಡು ದಿನ ನೀನು ಬಾಯಿ ಮುಚ್ಕೊಂಡಿದ್ದಿದ್ರೆ, ಆ ಕಡೆ ಎಲೆನೂ ನಿನ್ನ ಕೈಗೆ ಸಿಗ್ಲಿ ಅಂತ ಮಗ್ಗುಲು ತಿರುಗಿಸಿ ಇಡೋಳಿದ್ದೆ!”