ಯೊರುನ್ ಮುಳುಗಿದಳು ಅಂದುಕೊಂಡ ದಿನ

ಯೊರುನ್ ಒಳಗೆ ಕಾಲಿಟ್ಟಾಗ ನಾವೆಲ್ಲ ಅವಳದೇ ಅಡುಗೆಮನೆಯಲ್ಲಿ ಕೂತು, ಅವಳ ಸಾವಿನ ಸುದ್ದಿಯನ್ನು ಅವಳ ಅಕ್ಕನಿಗೆ ಯಾರು ತಿಳಿಸಬೇಕು ಎಂದು ಮಾತಾಡುತ್ತಿದ್ದೆವು.

ಬೂಟಿಗೆ ಮೆತ್ತಿದ ಹಿಮ ಕೊಡವುತ್ತ ಬಾಗಿಲಲ್ಲಿ ನಿಂತಳು. ಮನೆ ತುಂಬ ಜನ ನೋಡಿ ಅವಳ ಮುಖ ಬಿಳುಚಿಕೊಂಡಿತು. “ಯಾರಿಗೇನಾಯ್ತು?” ಎಂದಳು. ನನ್ನ ಕೈಯಲ್ಲಿದ್ದ ಕಾಫಿ ಲೋಟ ಜಾರಿ ಬಿದ್ದದ್ದು ನನಗೆ ಗೊತ್ತೇ ಆಗಲಿಲ್ಲ.

ಅವಳೂ ನಾನೂ ವೃದ್ಧಾಶ್ರಮದ ಬಟ್ಟೆ ಒಗೆಯುವ ಕೋಣೆಯಲ್ಲಿ ಒಟ್ಟಿಗೆ ದುಡಿದವರು. ಉದ್ದನೆಯ, ಮೂಳೆ ಮೈಯ ಹೆಂಗಸು. ಮದುವೆ ಆಗಲಿಲ್ಲ, ಆಗಬೇಕಿತ್ತು ಅಂತ ಕೊರಗಲೂ ಇಲ್ಲ. ನಾರ್ವೆಯ ಈ ಕಣಿವೆಯಲ್ಲಿ ಹಿಮ ಬಿದ್ದು ಗಟ್ಟಿಯಾಯಿತೆಂದರೆ ಸಾಕು, ಸೊಂಟಕ್ಕೆ ಅಗಲದ ಪಟ್ಟಿ ಬಿಗಿದು, ಅದಕ್ಕೆ ಹಗ್ಗ ಸಿಕ್ಕಿಸಿ, ಇನ್ನೊಂದು ತುದಿಗೆ ನಾಯಿ ಕಟ್ಟಿ, ಕಾಲಿಗೆ ಸ್ಕೀ ಹಾಕಿಕೊಂಡು, ಅದು ಎಳೆದಂತೆ ಹಿಮದ ಮೇಲೆ ಜಾರುತ್ತ ಹೊರಟುಬಿಡುತ್ತಿದ್ದಳು. ಅವಳ ನಾಯಿಗಳು ಗಾಡಿ ಎಳೆಯುವ ಜಾತಿಯವಲ್ಲ, ಸೋಫಾ ಮೇಲೆ ಬಿದ್ದುಕೊಳ್ಳುವ ಮನೆನಾಯಿಗಳು. ಆದರೂ ಹಗ್ಗ ಕಂಡರೆ ಕುಣಿಯುತ್ತಿದ್ದವು.

ಮೊದಲಿನ ನಾಯಿ ರಾಪ್. ಒಂದು ಬೇಸಿಗೆಯಲ್ಲಿ ಅದು ಕೊರಳಪಟ್ಟಿ ಬಿಡಿಸಿಕೊಂಡು ಹೋಗಿ, ಹೊಳೆಯ ಎದುರು ದಡದಲ್ಲಿ ಕುರಿ ಸಾಕುವ ಹಾಲ್ವೊರನ ಮರಿಯೊಂದನ್ನು ಕೊಂದಿತ್ತು. ಎರಡನೇ ಸಲ ಮಂದೆಗೆ ನುಗ್ಗಿದಾಗ ಹಾಲ್ವೊರ್ ಗುಂಡು ಹೊಡೆದ. ನಾಯಿಯನ್ನು ಕೈಗಾಡಿಯಲ್ಲಿ ತಂದು ಅವಳ ಗೇಟಿನ ಮುಂದೆ ಇಳಿಸಿ, ಒಂದು ಮಾತೂ ಆಡದೆ ಹೋದ. ಕಾನೂನು ಅವನ ಕಡೆಗಿತ್ತು. ಅವತ್ತಿನಿಂದ ಯೊರುನ್ ಅವನ ಮುಖ ನೋಡಲಿಲ್ಲ. ಅಂಗಡಿಯಲ್ಲಿ ಅವನು ಸಾಲಿನಲ್ಲಿ ನಿಂತಿದ್ದರೆ ಇವಳು ಬುಟ್ಟಿ ಕೆಳಗಿಟ್ಟು ಹೊರಗೆ ಹೋಗುತ್ತಿದ್ದಳು. ಅವನೇನು ಕಮ್ಮಿಯಿಲ್ಲ. ಎರಡನೇ ನಾಯಿ ಪೆಲ್ಲೆಯ ಹಿಂದೆ ಇವಳು ಜಾರುತ್ತ ಹೋಗುವುದನ್ನು ಕಂಡಾಗಲೆಲ್ಲ, “ನೋಡ್ತಾ ಇರಿ, ಆ ನಾಯಿ ಒಂದಿನ ಇವಳನ್ನ ಹೊಳೆಗೆ ಕೆಡವುತ್ತೆ” ಎಂದು ಜನರ ಮುಂದೆ ಹೇಳುತ್ತಿದ್ದ.

ಆ ಶನಿವಾರ ಆದದ್ದಿಷ್ಟು. ಹೊಳೆಯ ಪಕ್ಕದ ಕಾಡುದಾರಿಯ ಇಳಿಜಾರಿನಲ್ಲಿ ಮೊಲವೊಂದು ಅಡ್ಡ ಹಾಯಿತು. ಪೆಲ್ಲೆ ನುಗ್ಗಿತು. ಯೊರುನ್ ತಿರುವಿನಲ್ಲಿ ಉರುಳಿಬಿದ್ದಳು, ಒಂದು ಸ್ಕೀ ಮುರಿಯಿತು. ಹೀಗೆ ನಾಯಿ ಕಟ್ಟಿ ಜಾರುವವರಿಗೆಲ್ಲ ಮೊದಲ ದಿನವೇ ಕಲಿಸುವಂತೆ, ಸೊಂಟದ ಪಟ್ಟಿಯ ಕೊಂಡಿ ಎಳೆದು ಹಗ್ಗ ಬಿಟ್ಟಳು. ಪೆಲ್ಲೆ ಹಗ್ಗ ಎಳೆದುಕೊಂಡೇ ಓಡಿಹೋಯಿತು. ಕೂಗಿ ಕೂಗಿ ಸಾಕಾಯಿತು. ಎಂದಿನಂತೆ ತಾನೇ ಮನೆಗೆ ಹೋಗುತ್ತದೆ ಅಂದುಕೊಂಡು ಅವಳು ಮೇಲಿನ ರಸ್ತೆಗೆ ಹತ್ತಿದಳು. ಮರದ ದಿಮ್ಮಿ ಸಾಗಿಸುವ ಲಾರಿಯವನೊಬ್ಬ ಹತ್ತಿಸಿಕೊಂಡು, ಅವನ ದಾರಿ ಬೇರೆಯಾದ್ದರಿಂದ, ಕೂಡುರಸ್ತೆಯ ಪೆಟ್ರೋಲ್ ಬಂಕಿನಲ್ಲಿ ಇಳಿಸಿದ. ಫೋನು ಚಳಿಗೆ ಸತ್ತುಹೋಗಿತ್ತು. ಬಸ್ ಬರುವತನಕ ಕಾಫಿ ಕುಡಿದು, ಕಂದು ಚೀಸ್ ಹಾಕಿದ ವಾಫಲ್ ತಿನ್ನುತ್ತ ಕೂತಳು.

ಇತ್ತ ಪೆಲ್ಲೆ ಮೊಲದ ಹಿಂದೆ ಹೆಪ್ಪುಗಟ್ಟಿದ ಹೊಳೆಗೆ ಇಳಿದಿತ್ತು. ಮಂಜುಗಡ್ಡೆಯಲ್ಲಿ ಹೂತಿದ್ದ ಕೊಂಬೆಗೆ ಹಗ್ಗ ಸಿಕ್ಕಿಕೊಂಡಿತು. ಎರಡು ಮಾರು ಆಚೆಗೆ ಸೆಳವು ಇರುವ ಕಡೆ ನೀರು ಬಾಯ್ತೆರೆದುಕೊಂಡು ಕಪ್ಪಗೆ ಕಾಣುತ್ತಿತ್ತು. ಪೆಲ್ಲೆ ಆ ನೀರಿನ ಕಡೆ ಮುಖ ಮಾಡಿ ಬೊಗಳುತ್ತ ನಿಂತುಬಿಟ್ಟಿತು. ಎದುರು ದಡದ ಹಾಲ್ವೊರ್ ಅದನ್ನು ನೋಡಿದ. ನಾಯಿ ಇದೆ, ಹಗ್ಗ ಇದೆ, ಹೆಂಗಸಿಲ್ಲ.

ತುರ್ತು ಸೇವೆಗೆ ಫೋನು ಮಾಡಿದವನು ಅವರು ಬರುವತನಕ ಕಾಯಲಿಲ್ಲ. ಏಣಿ ಹೊತ್ತು ತಂದು ಮಂಜುಗಡ್ಡೆಯ ಮೇಲೆ ಹಾಸಿ, ಅದರ ಮೇಲೆ ತೆವಳಿದ. ಅಂಚಿಗೆ ಹೋಗಿ ಏಣಿ ಹಿಡಿದುಕೊಂಡೇ ನೀರಿಗೆ ಇಳಿದ. ಬಿದ್ದದ್ದಲ್ಲ, ತಾನೇ ಇಳಿದ. ಸೇತುವೆ ಮೇಲಿದ್ದವರು ಕಣ್ಣಾರೆ ಕಂಡಿದ್ದಾರೆ. ನಾನು ಓಡಿ ಬರುವಷ್ಟರಲ್ಲಿ ಅಗ್ನಿಶಾಮಕದವರು ಅವನನ್ನು ದಡಕ್ಕೆ ಎಳೆದು ಹಾಕಿದ್ದರು. ಹಲ್ಲು ಕಟಕಟಿಸುತ್ತ ಅವನು ಒಂದೇ ಮಾತು ಹೇಳುತ್ತಿದ್ದ: “ಕೈಗೆ ಸಿಕ್ಕಿದ್ಲು. ಬಟ್ಟೆ ಸಿಕ್ಕಿತ್ತು. ಜಾರಿಹೋದ್ಲು.”

ಆ ಮಾತು ಕೇಳಿದ ಮೇಲೆ ನಮಗೆ ಅನುಮಾನವೇ ಉಳಿಯಲಿಲ್ಲ. ಅವನನ್ನು ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಒಯ್ದರು. ನಾವು ಪೆಲ್ಲೆಯನ್ನು ಕರೆದುಕೊಂಡು ಅವಳ ಮನೆಗೆ ಬಂದೆವು.

ಇದನ್ನೆಲ್ಲ ನಾನೇ ಅವಳಿಗೆ ಹೇಳಬೇಕಾಯಿತು. ಅವಳು ನಿಂತೇ ಕೇಳಿದಳು. ಹೆಸರು ಬಂದಾಗ ತಡೆದು, “ಯಾವ ಹಾಲ್ವೊರ್?” ಎಂದಳು.

“ಎದುರು ದಡದವನೇ ಕಣೇ. ಇನ್ಯಾರು?”

ಕೋಟು ಬಿಚ್ಚದೆ ನೆಲದ ಮೇಲೆ ಕುಸಿದು ಕೂತಳು. ಪೆಲ್ಲೆ ಬಂದು ಅವಳ ಮುಖ ನೆಕ್ಕಿತು, ಅವಳು ಅದನ್ನು ಮುಟ್ಟಲಿಲ್ಲ. “ಆ ಹೊತ್ತಲ್ಲಿ ನಾನು ವಾಫಲ್ ತಿಂತಿದ್ದೆ” ಎಂದಳು.

ಆಸ್ಪತ್ರೆಗೆ ನಾನೇ ಕಾರಿನಲ್ಲಿ ಕರೆದೊಯ್ದೆ. ಅವಳು ಬದುಕಿದ್ದಾಳೆಂದು ಅವನಿಗೆ ಮೊದಲೇ ತಿಳಿಸಿದ್ದರು. ಆದರೂ ಬಾಗಿಲಲ್ಲಿ ಅವಳನ್ನು ಕಂಡು ಅವನು ಹಾಸಿಗೆಯಲ್ಲಿ ಹಿಂದಕ್ಕೆ ಸರಿದ. ಎರಡೂ ಕೈಗೆ ದಪ್ಪಗೆ ಪಟ್ಟಿ ಸುತ್ತಿತ್ತು.

“ನೀನು ಇಲ್ಲಿದೀಯ ಅಂದ್ರೆ,” ಅಂದ ಹಾಲ್ವೊರ್, “ನನ್ನ ಕೈಗೆ ಸಿಕ್ಕಿದ್ದು ಯಾರು?”

ಮುಳುಗುಗಾರರು ಇಳಿದು ನೋಡಿದ್ದರು. ಬೇರಿಗೆ ಸಿಕ್ಕಿಕೊಂಡ ಹಳೆಯ ಟಾರ್ಪಾಲು, ಅಷ್ಟೇ. ನಾನು ಅದನ್ನು ಹೇಳಿದೆ. ಅವನು ನಂಬಿದಂತೆ ಕಾಣಲಿಲ್ಲ. ಹಿಡಿದ ಹೆಂಗಸನ್ನು ಕೈಬಿಟ್ಟೆನೆಂಬ ಭಯ ಅವನ ಕಣ್ಣಲ್ಲಿ ಹಾಗೇ ನಿಂತಿತ್ತು.

ಯೊರುನ್ ಮಂಚದ ಕಂಬಿ ಹಿಡಿದು ಕೇಳಿದಳು: “ನಾನೇ ಅಂತ ಗೊತ್ತಿದ್ದೂ ಇಳಿದೆಯಾ?”

“ಅಲ್ಲಿ ನಾಯಿ ಕಟ್ಕೊಂಡು ಹಾರಾಡೋ ಹೆಂಗಸು ಇನ್ಯಾರಿದಾರೆ?” ಅಂದು ಅವನು ಗೋಡೆ ಕಡೆ ತಿರುಗಿದ.

ವಾಪಸು ಬರುವಾಗ ಅವಳು ಕಿಟಕಿಯಾಚೆ ನೋಡುತ್ತ, ಅವನು ಕೆಟ್ಟವನಾಗಿಯೇ ಉಳಿದಿದ್ದರೆ ತನಗೆ ಎಷ್ಟೋ ಸುಲಭವಿತ್ತು ಎಂದಳು. ಅವನನ್ನು ಕ್ಷಮಿಸಿದ್ದಾಳಾ ಎಂದು ನಾನು ಕೇಳಲಿಲ್ಲ. ಅವಳಿಗೇ ಗೊತ್ತಿರಲಿಲ್ಲ ಅನ್ನಿಸುತ್ತದೆ. ಎಷ್ಟೋ ವಾರ, ಹಾಸುಬಟ್ಟೆ ಮಡಚುತ್ತಿದ್ದವಳು ನಡುವೆ ಕೈ ನಿಲ್ಲಿಸಿ, ಏಟು ಬಿದ್ದವಳಂತೆ ನಿಂತುಬಿಡುತ್ತಿದ್ದಳು.

ಹಾಲ್ವೊರನ ಬಲಗೈಯಲ್ಲಿ ಚಳಿಗೆ ಸತ್ತುಹೋಗಿದ್ದ ಮೂರು ಬೆರಳ ತುದಿ ಕತ್ತರಿಸಿದರು. ಕೊಡಲಿ ಹಿಡಿಯಲಾಗದು. ಈಗ ಅವನ ಒಲೆಗೆ ಸೌದೆ ಒಡೆಯುವವಳು ಯೊರುನ್. ಒಂದು ದಿನ ಅವನು “ಆ ರಾಪ್ ವಿಷಯ...” ಎಂದು ತೆಗೆದನಂತೆ. ಅವಳು “ಬೇಡ” ಅಂದಳಂತೆ. ಮಿಕ್ಕಂತೆ ಜಗಳವೇ. ಸೌದೆ ತುಂಡು ಉದ್ದವಾಯಿತು, ಒಲೆಯ ಬಾಗಿಲು ಮುಚ್ಚುತ್ತಿಲ್ಲ ಎಂದು ಅವನು ಗೊಣಗಿದರೆ, ಹಾಗಿದ್ದರೆ ಚಳಿಯಲ್ಲೇ ಸಾಯಿ ಎಂದು ಇವಳು ಕೂಗುತ್ತಾಳೆ. ಹೊಳೆಯ ಈಚೆ ದಡಕ್ಕೂ ಕೇಳಿಸುತ್ತದೆ.