ಲಸಿಕೆಯ ಸರದಿಯಲ್ಲಿ ಬಂದ ನಿದ್ದೆ

“ಕೂಸಿನ್ನ ಇಲ್ಲಿ ಕೊಡ್ರಿ ಅಕ್ಕಾ, ನೀವು ಕೂಡ್ರಿ” ಎಂದು ಬೆಂಚಿನ ಮೇಲಿದ್ದ ಹೆಂಗಸು ಸರಿದು ಜಾಗ ಮಾಡಿದಳು. ಮರಾಠಿ ನಾಡಿನ ನಿಗಡಿಯ ದವಾಖಾನೆಯಲ್ಲಿ ಮಗುವಿನ ಲಸಿಕೆಗಾಗಿ ಗೋಡೆಗೊರಗಿ ನಿಂತಿದ್ದೆ. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಆಕೆಯ ಕಿವಿಗೆ ಬಿದ್ದಿತ್ತು. ಯಾದಗಿರಿ ಕಡೆಯವಳು, ಕಟ್ಟಡದ ಕೆಲಸಕ್ಕೆ ಬಂದವಳು.

ನನಗೆ ಸಿಸೇರಿಯನ್ ಆಗಿ ಎರಡೂವರೆ ತಿಂಗಳು. ಹೊಲಿಗೆ ಒಣಗಿದೆ ಎಂದು ಡಾಕ್ಟರು ಹೇಳಿದ ಮೇಲೂ ಹೊಟ್ಟೆ, ಸೊಂಟ ನೋಯುತ್ತಿತ್ತು. ಗಂಡ ಆಫೀಸಿಗೆ ಹೊರಟು ಮನೆಯಲ್ಲಿ ನಾನು, ಮಗು ಇಬ್ಬರೇ ಉಳಿದಾಗ ಇನ್ನೂ ಜಾಸ್ತಿ. ಊರಿಗೆ ಫೋನು ಮಾಡಿದರೆ “ಎಲ್ರಿಗೂ ಇರುತ್ತೆ” ಎನ್ನುತ್ತಿದ್ದರು. ಹೇಳಿಕೊಳ್ಳುವುದನ್ನೇ ಬಿಟ್ಟಿದ್ದೆ.

“ಎಲ್ಲಿ ನೋಯ್ತದ್ರಿ? ಮನ್ಯಾಗ ಯಾರದಾರ?” ನಾನು ಸೊಂಟ ಹಿಡಿದು ಕೂತದ್ದನ್ನು ನೋಡಿ ಆಕೆ ಕೇಳಿದಳು.

“ಯಾರೂ ಇಲ್ಲ” ಎನ್ನುವಷ್ಟರಲ್ಲಿ ಅಳು ಬಂತು. ಆಕೆ ನನ್ನ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒಂದು ಕೈಯಿಂದ ನನ್ನ ಸೊಂಟ ನೀವುತ್ತಾ ಕೂತಳು. ಆ ಗದ್ದಲದಲ್ಲೇ ನನಗೆ ನಿದ್ದೆ ಹತ್ತಿತು.

ನರ್ಸ್ ಕೂಗಿದಾಗ ಎಚ್ಚರವಾಯಿತು. ಕರೆದದ್ದು ಆಕೆಯನ್ನು. ನನ್ನ ಮಗುವನ್ನು ಕೈಗಿತ್ತು, ಆಚೆ ಪಕ್ಕದಲ್ಲಿ ಅರಿವೆ ಸುತ್ತಿ ಮಲಗಿಸಿದ್ದ ತನ್ನ ಕೂಸನ್ನು ಎತ್ತಿಕೊಂಡಳು. ನನ್ನದಕ್ಕಿಂತ ಎಳೆಯ ಕೂಸು. ತನ್ನ ಬೆನ್ನಿಗೆ ಒಂದು ಕೈ ಕೊಟ್ಟು ನಿಧಾನವಾಗಿ ಒಳಗೆ ಹೋದಳು.

ಅಂದು ಸಂಜೆ ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು ಎರಡು ವಾರ ರಜೆ ಹಾಕಿದರು. ನೋವು ಪೂರ್ತಿ ಹೋಗಿಲ್ಲ, ತಡೆಯುವಷ್ಟಾಗಿದೆ. ಆಕೆಯೂ ಹಸಿ ಬಾಣಂತಿ ಎಂಬುದು ಮಾತ್ರ ನನಗೆ ಆಕೆ ಎದ್ದು ನಡೆದ ಮೇಲೆ ಹೊಳೆಯಿತು.