ಜಪಾನಿ ದೆವ್ವದ ಕನ್ನಡ

ಧಾರವಾಡದಿಂದ ಬಂದು ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ ಹಿಡಿದ ವರ್ಷ ನಾನು ಎಂಟನೇ ತರಗತಿ. ಹೊಸ ಶಾಲೆಯ ಮೊದಲ ವಾರ ಕನ್ನಡ ಮೇಡಂ ಕೇಳಿದ ಪ್ರಶ್ನೆಗೆ ಎದ್ದು ನಿಂತು "ನನಗ ಗೊತ್ತೈತ್ರಿ" ಎಂದೆ. ಇಡೀ ತರಗತಿ ಗೊಳ್ಳೆಂದಿತು. ಆಮೇಲೆ ನೀರು ಕುಡಿಯಲು ಹೋದರೂ "ಗೊತ್ತೈತ್ರಿ" ಎನ್ನುತ್ತ ಹಿಂದೆ ಬರುವವರಿದ್ದರು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಉತ್ತರ ನಾಲಿಗೆಯ ತುದಿಯಲ್ಲಿದ್ದರೂ ತಲೆ ತಗ್ಗಿಸಿ ಕೂರುವುದು, ಆ ಸಿಟ್ಟನ್ನೆಲ್ಲ ಮನೆಗೆ ತಂದು ಅವ್ವನ ಮೇಲೆ ತೀರಿಸುವುದು, ಇದೇ ಆಯಿತು.

ಆಗಲೇ ಅಪ್ಪ ಸಿಡಿ ಅಂಗಡಿಯಿಂದ ಒಂದು ಜಪಾನಿ ಕಾರ್ಟೂನ್ ಸರಣಿಯ ಡಿವಿಡಿ ಸೆಟ್ ತಂದರು. ಕವರಿನ ಮೇಲೆ ಯೂನಿಫಾರ್ಮ್ ತೊಟ್ಟ ಹುಡುಗಿ. ಓದಿನ ವಿಷಯವೇ ಇರಬೇಕೆಂದು ಅವರ ಅಂದಾಜು. ಒಳಗೆ ನೋಡಿದರೆ ಬರೀ ದೆವ್ವ. ಶಾಲೆಯ ಮೆಟ್ಟಿಲು, ಕಿಟಕಿ, ಎಲ್ಲೆಂದರಲ್ಲಿ ಆ ಹುಡುಗಿಯೊಬ್ಬಳಿಗೇ ದೆವ್ವಗಳು ಕಾಣುತ್ತವೆ, ಅವಳೇ ಎದುರು ನಿಂತು ಓಡಿಸುತ್ತಾಳೆ.

ಡಿವಿಡಿ ಬಂತು ಸರಿ, ನಮ್ಮಲ್ಲಿ ಪ್ಲೇಯರ್ ಇರಲಿಲ್ಲ. ಕೆಳಗೆ ಓನರ್ ಮನೆಯಲ್ಲಿತ್ತು. ಲೇಔಟ್ ಆಗುವ ಮುಂಚೆ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ ಅವರದು. ಭಾನುವಾರ ಊಟವಾದ ಮೇಲೆ ಉಳಿದವರೆಲ್ಲ ಮಲಗಿದರೆ, ಟಿವಿ ಮುಂದೆ ಇರುತ್ತಿದ್ದವರು ಓನರ್ ತಾಯಿ ಒಬ್ಬರೇ. ಅಜ್ಜಿ ಒಂದು ಕರಾರು ಹಾಕಿದರು. "ನೋಡ್ಕೊ ಮಗ. ಆದ್ರೆ ಅವು ಏನಂತಾವೋ ನಂಗೂ ಹೇಳ್ಬೇಕು."

ಟಿವಿ ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಓದಿಕೊಂಡು ಎಲ್ಲರ ಮಾತನ್ನೂ ನಾನೇ ಕನ್ನಡದಲ್ಲಿ ಆಡಿದೆ. ಅರ್ಥವಾಗದ ಕಡೆ ಕಟ್ಟಿ ಹೇಳಿದೆ. ಅಜ್ಜಿ ಎಲೆ ಅಡಿಕೆ ಮೆಲ್ಲುತ್ತ "ಆಮೇಲೆ?" ಎನ್ನುವರು. ಶಾಲೆಯಲ್ಲಿ ಮೂಗಿಯಂತಿದ್ದವಳು ಅಲ್ಲಿ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆ. ಎಷ್ಟು ಖುಷಿಯಾಗುತ್ತಿತ್ತು!

ಎರಡನೇ ಡಿಸ್ಕ್ ಮುಗಿದ ದಿನ ಅಜ್ಜಿ ಕೇಳಿದರು. "ಅಲ್ಲಾ ಮಗ, ಆ ಹುಡ್ಗಿ ನಮ್ ಥರ ಮಾತಾಡ್ತಾಳೆ. ದೆವ್ವ ಮಾತ್ರ ನಿಮ್ ಕಡೆ ಥರ ಮಾತಾಡ್ತದಲ್ಲ, ಯಾಕೆ?"

ಹೌದಲ್ಲ. ಹುಡುಗಿಗೆ "ಬರ್ತೀನಿ, ಹೋಗ್ತೀನಿ" ಕೊಟ್ಟಿದ್ದೆ. "ನಿನ್ನ ಬಿಡಂಗಿಲ್ಲ" ಎಂದು ಹಲ್ಲು ಕಡಿಯುವುದೆಲ್ಲ ದೆವ್ವಕ್ಕೆ. ನಮ್ಮವ್ವ ನನ್ನನ್ನು ಮುದ್ದು ಮಾಡುವ ಮಾತನ್ನು ಒಯ್ದು ದೆವ್ವದ ಬಾಯಿಗೆ ತುರುಕಿದ್ದೆ. ಯಾರೂ ಹೇಳಿಕೊಟ್ಟಿರಲಿಲ್ಲ. ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು, ಅದೂ ನನ್ನ ಮೇಲೆ.

ಮುಂದಿನ ಭಾನುವಾರ ಹುಡುಗಿ ಬಾಯಿ ತೆರೆದಳು. "ಏ, ನಿಂದ್ರ ಅಲ್ಲೇ! ನಾ ಅಂಜಂಗಿಲ್ಲ." ದೆವ್ವ "ಬಿಟ್ಬಿಡಮ್ಮ, ಹೊರಟೋಗ್ತೀನಿ" ಎಂದು ಗೋಗರೆಯಿತು.

ಅಜ್ಜಿ ನಕ್ಕೂ ನಕ್ಕೂ ಕೆಮ್ಮಿದರು. "ಓಹೋ, ಈಗ ನಾವೇ ದೆವ್ವ ಆದ್ವಾ? ಆಗ್ಲಿ ಬಿಡು. ಹುಡ್ಗಿಗೆ ಈಗ ಜೀವ ಬಂತು."

ಮಾರನೆಯ ದಿನ ಕನ್ನಡ ಮೇಡಂ, ಪಾಠದ ಸಾರಾಂಶ ಯಾರು ಹೇಳುತ್ತೀರಿ ಎಂದರು. ನಾನು ಕೈ ಎತ್ತಿದೆ. ಎದ್ದು ನಿಂತೆ. "ನಾ ಹೇಳತೇನ್ರಿ" ಎಂದದ್ದೇ ತಡ, ಹಿಂದಿನ ಬೆಂಚುಗಳಲ್ಲಿ ನಗು ಶುರುವಾಯಿತು. ನಾನು ಕೂರಲಿಲ್ಲ. ತಿರುಗಿ, ನಗುವವರನ್ನೇ ನೋಡುತ್ತ ನಿಂತೆ. ಸದ್ದಡಗಿದ ಮೇಲೆ "ನಗೋದು ಮುಗೀತೇನ್ರಪಾ?" ಎಂದು ಕೇಳಿ, ಪಾಠವನ್ನು ಮೊದಲಿನಿಂದ ಕೊನೆಯವರೆಗೂ ನಮ್ಮ ಮಾತಿನಲ್ಲೇ ಹೇಳಿದೆ.